ಸೊಂಟಪಟ್ಟಿ ಕಟ್ಟಿದ ಮೀನುಗಳು

ನಮ್ಮ ಬೀದಿಯ ಜನ ಚಳಿಗೆ ಹೆದರುವುದಿಲ್ಲ. ಕರಡಿ ಬಂದು ಕಸದ ಡಬ್ಬಿ ಉರುಳಿಸಿದರೆ ಪೊರಕೆ ಹಿಡಿದು ಹೊರಗೆ ಬರುತ್ತಾರೆ. ಆದರೆ ಯಾರಾದರೂ ಎದುರಿಗೆ ನಿಂತು ‘ನಿಮ್ಮಿಂದ ದೊಡ್ಡ ಉಪಕಾರವಾಯಿತು’ ಎಂದು ಬಾಯಿ ತೆರೆದರೆ ಸಾಕು, ಓಡುತ್ತಾರೆ. ನಮ್ಮ ಅಜ್ಜಂದಿರು ಫಿನ್‌ಲೆಂಡಿನಿಂದ ಮಿಷಿಗನ್ನಿನ ಈ ಬಡಗು ತುದಿಗೆ ಬಂದಾಗ ಸೌನಾ ಎಂಬ ಆವಿಸ್ನಾನ, ಏಲಕ್ಕಿ ಬ್ರೆಡ್ಡು ಮತ್ತು ಈ ಕಾಯಿಲೆ, ಮೂರನ್ನೂ ಒಂದೇ ಪೆಟ್ಟಿಗೆಯಲ್ಲಿ ತಂದರೆಂದು ಕಾಣುತ್ತದೆ.

ನವೆಂಬರಿನಲ್ಲಿ ಒನ್ನಿ ಹೌತಲಾ ತೀರಿಕೊಂಡರು. ಅವರ ಹೆಂಡತಿ ಲೆಂಪಿ ಅಜ್ಜಿಯ ಮನೆ ಮುಂದೆ ಬಿದ್ದ ಹಿಮ ಮಾರನೆಯ ದಿನದಿಂದ ತನ್ನಷ್ಟಕ್ಕೆ ಮಾಯವಾಗತೊಡಗಿತು. ಯಾರು ತೆಗೆದರೆಂದು ಕೇಳಿದರೆ ಬೀದಿಯವರೆಲ್ಲ “ಗಾಳಿ ಇರ್ಬೇಕು” ಎಂದರು. ಗಾಳಿ ಎರಡೂ ಬದಿಗೆ ದಾರ ಹಿಡಿದಂತೆ ನೇರವಾಗಿ ತೆಗೆದಿತ್ತು. ಹಿತ್ತಲಿನಲ್ಲಿ ಸೌದೆ ಸೀಳಿ ಜೋಡಿಸಿಟ್ಟವರು ಯಾರೆಂದರೆ “ಅಳಿಲುಗಳು” ಎಂದರು. ಒಂದು ಬೆಳಗಿನ ಜಾವ ಅಜ್ಜಿ ಕಿಟಕಿಯ ಹಿಂದೆ ಕಾದು ಕೂತು, ಸಲಿಕೆ ಹಿಡಿದ ಗಾಳಿಯನ್ನು ಸಾಕ್ಷಾತ್ ಕಂಡರು. ಅದು ಡ್ವೇನ್ ಆಗಿತ್ತು. ಡ್ವೇನ್ ನಮ್ಮ ಜಿಲ್ಲೆಯ ಉಪ ಪೊಲೀಸ್ ಅಧಿಕಾರಿ. ಸೊಂಟದಲ್ಲಿ ಪಿಸ್ತೂಲು ಇಟ್ಟುಕೊಳ್ಳುವ ಆಳು.

“ನಿಲ್ಲೋ ಡ್ವೇನ್! ಒಂದೇ ಒಂದು ಮಾತು ಹೇಳ್ಬೇಕು!” ಎಂದು ಅಜ್ಜಿ ಬಾಗಿಲು ತೆಗೆದರು.

ಡ್ವೇನ್ ಓಡಿದ. ಒಂದು ಬೂಟು ಹಿಮದಲ್ಲೇ ಉಳಿಯಿತು. ಅದನ್ನು ಕೇಳಿಕೊಂಡು ಅವನು ಇಂದಿಗೂ ಬಂದಿಲ್ಲ.

ಹೀಗೆ ಒಂಬತ್ತು ಮನೆಗಳ ಋಣ ಹೊತ್ತುಕೊಂಡು, ಅದನ್ನು ಇಳಿಸಲು ಒಬ್ಬರೂ ಕೈಗೆ ಸಿಗದೆ, ಲೆಂಪಿ ಅಜ್ಜಿ ಚಳಿಗಾಲವೆಲ್ಲ ಒದ್ದಾಡಿದರು. ಅಂಥ ಹೊತ್ತಿನಲ್ಲಿ ನನ್ನ ತಂಗಿ ಇರ್ಮಾಳ ಗಂಡ ರೇನೊ ಸಾರೆಲಾ ಬಾಯಿ ತೆರೆದ.

ಒಂದು ಭಾನುವಾರ ಚರ್ಚಿನ ಅಡುಗೆಮನೆಯಲ್ಲಿ ಬರ್ನೀಸ್ ಕಣಕ ಲಟ್ಟಿಸುತ್ತಿದ್ದಳು. ಬರ್ನೀಸ್ ಎಂದರೆ ಆ ಅಡುಗೆಮನೆಯ ಸರ್ವಾಧಿಕಾರಿ. ಪಾದ್ರಿಯವರೂ ಕೇಳಿಯೇ ಚಮಚ ಮುಟ್ಟುತ್ತಾರೆ. ಅವಳು ಕೈಯಲ್ಲಿದ್ದ ಮೇಪಲ್ ಮರದ ಲಟ್ಟಣಿಗೆಯನ್ನು ಬೆಳಕಿಗೆ ಹಿಡಿದು, “ಏನ್ ನುಣುಪು, ಏನ್ ತೂಕ! ಇಂಥದ್ದು ಈಗೆಲ್ಲಿ ಸಿಗುತ್ತೆ? ಯಾವ ಪುಣ್ಯಾತ್ಮ ಮಾಡಿದ್ನೋ” ಎಂದಳು.

ಕಪ್ಪು ಒರೆಸುತ್ತಿದ್ದ ರೇನೊ, “ನಾನೇ ಮಾಡಿದ್ದು” ಎಂದ.

ಯಾಕೆ ಹಾಗೆಂದೆ ಎಂದು ಆಮೇಲೆ ನಾನು ಎಷ್ಟೋ ಸಲ ಕೇಳಿದ್ದೇನೆ. ಆಕಳಿಸಲೆಂದು ತೆರೆದ ಬಾಯಿ, ಮುಚ್ಚುವುದರೊಳಗೆ ಮಾತು ಹೊರಬಿತ್ತು ಎನ್ನುತ್ತಾನೆ. ರೇನೊ ಜೀವಮಾನದಲ್ಲಿ ಮಾಡಿದ್ದು ಒಂದೇ ಲಟ್ಟಣಿಗೆ, ಅದೂ ಶಾಲೆಯ ಮರಗೆಲಸದ ತರಗತಿಯಲ್ಲಿ. ಅದು ಕೋಳಿಮೊಟ್ಟೆಯ ಆಕಾರದಲ್ಲಿತ್ತು. ಮೇಷ್ಟ್ರು ಅದನ್ನು ಮೇಜಿನ ಮೇಲೆ ಉರುಳಿಸಿ ನೋಡಿ, ಅದು ಒಂದು ಸುತ್ತು ಹೊಡೆದು ತಮ್ಮ ಹತ್ತಿರವೇ ವಾಪಸು ಬಂದಾಗ ಮೌನವಾಗಿ ಪಾಸು ಮಾಡಿದ್ದರು. ಈಗ ಅದು ಅವನ ಗ್ಯಾರೇಜಿನ ಬಾಗಿಲು ತೆರೆದುಕೊಳ್ಳದಂತೆ ಇಡುವ ಒತ್ತು.

ಲೆಂಪಿ ಅಜ್ಜಿ ಅಲ್ಲೇ ತೊಟ್ಟಿಯ ಬಳಿ ಪಾತ್ರೆ ತೊಳೆಯುತ್ತಿದ್ದರು. ತಿರುಗಿ ನೋಡಿದರು.

ಆ ವಾರವೇ ರೇನೊಗೆ ಕರೆ ಬಂತು. ಅಜ್ಜಿ ಕಾಫಿ ಕೊಟ್ಟು, ಬಿಸ್ಕತ್ತಿನ ಡಬ್ಬಿಯಿಂದ ಒಂದು ಮರದ ಮೀನನ್ನು ತೆಗೆದು ಮೇಜಿನ ಮೇಲಿಟ್ಟರು. ಗಾಳಕ್ಕೆ ಕಟ್ಟುವ ಹುಸಿಮೀನು. ಗೇಣುದ್ದ, ಕೆಂಪು ತಲೆ, ಬಿಳಿ ಮೈ, ಅಲ್ಲಲ್ಲಿ ಬಣ್ಣ ಎದ್ದಿತ್ತು.

“ಒನ್ನಿ ಲೇತಿನಲ್ಲಿ ಮರ ತಿರುಗಿಸಿ ಕೆತ್ತಿದ ಮೀನುಗಳಲ್ಲಿ ಉಳಿದಿರೋದು ಇದೊಂದೇ. ಮಿಕ್ಕಿದ್ದೆಲ್ಲ ಸರೋವರದ ತಳದಲ್ಲಿದೆ, ಲೇತು ಮಾರಿಹೋಯ್ತು. ರೇನೊ, ನೀನು ಅಷ್ಟು ಚೆನ್ನಾಗಿ ಲೇತ್ ಕೆಲ್ಸ ಬಲ್ಲೋನು ಅಂತ ನಂಗೆ ಗೊತ್ತೇ ಇರ್ಲಿಲ್ಲ ನೋಡು.”

ರೇನೊ ಕಾಫಿಯನ್ನು ನುಂಗಿದ. ಅದು ಇನ್ನೂ ಬಿಸಿಯಾಗಿತ್ತು.

“ಇಂಥದ್ದೇ ಒಂಬತ್ತು ಮಾಡ್ಕೊಡು. ಒಂಬತ್ತು ಮನೆಗೆ ಒಂದೊಂದು. ಉಪಕಾರ ಅಂತ ಬಾಯಲ್ಲಿ ಹೇಳೋಕೆ ಹೋದ್ರೆ ಓಡ್ತಾರೆ; ಗಾಳದ ಮೀನು ಕೈಗಿಟ್ರೆ ಇಲ್ಲಿ ಯಾವನೂ ಬೇಡ ಅನ್ನಲ್ಲ. ಮೇ ಹದಿನೈದಕ್ಕೆ ಪೈಕ್ ಮೀನಿನ ಸೀಸನ್ ಶುರು, ಅಷ್ಟರೊಳಗೆ ಬೇಕು. ಎಲ್ಲಾ ಒಂದೇ ಥರ ಇರ್ಬೇಕು. ಒಬ್ರಿಗೆ ದಪ್ಪ ಒಬ್ರಿಗೆ ಸಣ್ಣ ಆದ್ರೆ ಬರ್ನೀಸ್ ಅಳತೆ ಪಟ್ಟಿ ತರ್ತಾಳೆ.”

“ಹೂಂ” ಎಂದ ರೇನೊ.

“ಯಾರಿಗೂ ಹೇಳ್ಬೇಡ. ಇರ್ಮಾಗೂ ಬೇಡ. ಗೊತ್ತಾದ್ರೆ ಒಬ್ರೂ ನನ್ನ ಕೈಗೆ ಸಿಗಲ್ಲ.” ಅಜ್ಜಿ ಮೀನನ್ನು ಕರವಸ್ತ್ರದಲ್ಲಿ ಸುತ್ತಿ ಅವನ ಕೈಗಿಟ್ಟರು. “ಇದು ಮಾತ್ರ ಹೇಗಿದ್ಯೋ ಹಾಗೇ ವಾಪಸ್ ಬರ್ಬೇಕು ಮಗಾ.”

ರೇನೊ ಮೊದಲು ಚಾಕುವಿನಿಂದ ಕೆತ್ತಿ ನೋಡಿದ. ಮೊದಲನೆಯದು ಗಜ್ಜರಿಯಾಯಿತು. ಎರಡನೆಯದು ಪೇರಳೆ. ಮೂರನೆಯದು ಒಂದು ಬದಿಯಿಂದ ಮೀನಿನಂತೆ, ಇನ್ನೊಂದು ಬದಿಯಿಂದ ನಮ್ಮ ಹಿಂದಿನ ಪಾದ್ರಿಯಂತೆ ಕಾಣುತ್ತಿತ್ತು. ತನ್ನ ಕೈಗೆ ಒಂದೇ ಕೆಲಸವನ್ನು ಎರಡು ಸಲ ಒಂದೇ ರೀತಿ ಮಾಡುವ ಅಭ್ಯಾಸವಿಲ್ಲ ಎಂದು ಅವನಿಗೆ ಮನವರಿಕೆಯಾಯಿತು. ಹಾಗಾದರೆ ತಾನು ಮಾಡುವುದೇ ಬೇಡ, ಯಂತ್ರ ಮಾಡಲಿ. ತಾನು ಯಂತ್ರವನ್ನು ಮಾಡಿದರಾಯಿತು ಎಂದು ತೀರ್ಮಾನಿಸಿದ. ಮೀನು ಮಾಡಲು ಬಾರದವನು ಮೀನು ಮಾಡುವ ಯಂತ್ರ ಮಾಡಲು ಹೊರಡುವ ಧೈರ್ಯಕ್ಕೆ ಏನನ್ನಬೇಕೋ ನನಗೆ ತಿಳಿಯದು. ಆದರೆ ಅವನ ಲೆಕ್ಕಾಚಾರ ತಪ್ಪಿರಲಿಲ್ಲ. ಮೇಲೆ ಒನ್ನಿಯವರ ಮೀನು ಅಲುಗಾಡದೆ ಕೂತಿರಬೇಕು. ಕೆಳಗೆ ಸೀಡರ್ ಮರದ ಚೌಕ ತುಂಡು ಗಿರಗಿರ ತಿರುಗಬೇಕು. ಮುಂದೆ ಜಾರುವ ಒಂದು ಹಲಗೆ. ಅದಕ್ಕೆ ಒಂದು ಮೊಂಡು ಕಬ್ಬಿಣದ ಬೆರಳು, ಒಂದು ಚೂಪು ಉಳಿ. ಬೆರಳು ಮೇಲಿನ ಮೀನಿನ ಮೈಯನ್ನು ಸವರುತ್ತ ಸಾಗಿದ ಹಾಗೆ ಉಳಿ ಕೆಳಗಿನ ಮರವನ್ನು ಅಷ್ಟಷ್ಟೇ ಕೊರೆಯಬೇಕು.

ತಿರುಗಿಸಲು ಮೋಟಾರು ಬೇಕಲ್ಲ. ವಾಷಿಂಗ್ ಮಷೀನಿನಲ್ಲಿ ಒಂದಿತ್ತು. ಹಲಗೆ ಜಾರಲು ಡ್ರಾಯರ್ ಚಾನಲ್ ಬೇಕಲ್ಲ. ಅಡುಗೆಮನೆಯ ಡ್ರಾಯರುಗಳಲ್ಲಿದ್ದವು.

ಇರ್ಮಾ ಕೆಲಸದಿಂದ ಬಂದಾಗ ಚಮಚ, ಫೋರ್ಕುಗಳೆಲ್ಲ ಬಕೆಟ್ಟಿನಲ್ಲಿದ್ದವು.

“ಇದೇನ್ರೀ?”

“ಡ್ರಾಯರ್ ಸ್ವಲ್ಪ ಬಿಗಿಯಾಗಿತ್ತು.”

“ಅದಕ್ಕೆ ಡ್ರಾಯರೇ ಇಲ್ವಾ?”

“ಈಗ ಬಿಗಿ ಇಲ್ವಲ್ಲ” ಎಂದು ರೇನೊ ಗ್ಯಾರೇಜಿಗೆ ಹೋಗಿ ಒಳಗಿಂದ ಬಾಗಿಲಿಗೆ ಒತ್ತು ಕೊಟ್ಟುಕೊಂಡ.

ಮಷೀನಿಲ್ಲದ ಇರ್ಮಾ ಬಟ್ಟೆ ತುಂಬಿದ ಬುಟ್ಟಿ ಹೊತ್ತು ಪಕ್ಕದಲ್ಲೇ ಇದ್ದ ಬರ್ನೀಸಳ ಮನೆಗೆ ಹೋದಳು. ಬರ್ನೀಸ್ ಯಾಕೆಂದು ಕೇಳಲಿಲ್ಲ. ನಮ್ಮಲ್ಲಿ ಯಾಕೆಂದು ಕೇಳುವುದು ಇನ್ನೊಬ್ಬರ ಕಿಸೆಗೆ ಕೈ ಹಾಕಿದಷ್ಟೇ ಅಸಭ್ಯ. ಆದರೆ ಕೇಳದೆ ಊಹಿಸುವುದಕ್ಕೆ ಯಾವ ಅಡ್ಡಿಯೂ ಇಲ್ಲ. ಮಾರನೆಯ ಬೆಳಿಗ್ಗೆ ಅವಳು ನನ್ನನ್ನು ಅಂಚೆ ಕಚೇರಿಯ ಮುಂದೆ ಅಡ್ಡಗಟ್ಟಿದಳು.

“ಅರ್ವೊ, ನಿನ್ನ ಭಾವಮೈದುನ ಸಣ್ಣಗಾಗಿದ್ದಾನೆ ಅಲ್ವಾ?”

“ಗಮನಿಸಿಲ್ಲ.”

“ಕಣ್ಣು ಕೆಂಪಗಾಗಿದೆ. ಕೆಮ್ಮು ಬೇರೆ. ಮನೇಲಿ ಒಂದೊಂದೇ ಸಾಮಾನು ಕಾಣೆಯಾಗ್ತಿದೆ. ನಾನೇನೂ ಕೇಳ್ತಿಲ್ಲಪ್ಪ.”

“ನಾನೂ ಏನೂ ಹೇಳ್ತಿಲ್ಲ” ಎಂದೆ. ನನಗೆ ಏನೂ ಗೊತ್ತಿರಲಿಲ್ಲ. ಅವಳು ಅದನ್ನು ಒಪ್ಪಿಗೆಯೆಂದು ತೆಗೆದುಕೊಂಡು, ನನ್ನ ತೋಳು ತಟ್ಟಿ ಹೋದಳು.

ಕೆಮ್ಮು ಸೀಡರ್ ಧೂಳಿನದು, ಕೆಂಪು ಕಣ್ಣೂ ಅದರದೇ. ಆದರೆ ರೇನೊನನ್ನು ಹತ್ತಿರದಿಂದ ಕಂಡ ಸರ್ಕಾರಿ ಸಾಕ್ಷಿ ಡ್ವೇನ್ ಬೇರೆಯದನ್ನೇ ತಿಳಿದು ಬಂದ. ಆ ದಿನ ರೇನೊ ಯಂತ್ರಕ್ಕೆ ಮೊದಲ ಸಲ ವಿದ್ಯುತ್ತು ಕೊಟ್ಟಿದ್ದ. ಬಟ್ಟೆ ಹಿಂಡುವ ವೇಗದಲ್ಲಿ ಮೋಟಾರು ತಿರುಗಿತು. ಸೀಡರ್ ತುಂಡು ಹಾರಿ, ಕಿಟಕಿ ಒಡೆದು, ಬರ್ನೀಸಳ ಹಿತ್ತಲಿನ ಹಕ್ಕಿಕಾಳಿನ ಡಬ್ಬಿಯನ್ನು ಉರುಳಿಸಿತು. ಅದೇ ಅದುರಿಗೆ ಮೇಲಿದ್ದ ಒನ್ನಿಯವರ ಮೀನು ನೆಲಕ್ಕೆ ಬಿದ್ದು ಎಲ್ಲೋ ಉರುಳಿಹೋಯಿತು. ಸದ್ದು ಕೇಳಿ ಡ್ವೇನ್ ಬಂದು ಒಡೆದ ಕಿಟಕಿಯಿಂದ ಇಣುಕಿದಾಗ ರೇನೊ ಮಂಡಿಯೂರಿ ಕೂತಿದ್ದ. ಕಣ್ಣಲ್ಲಿ ಧಾರಾಕಾರ ನೀರು. ಎದೆಗೆ ಏನನ್ನೋ ಒತ್ತಿಕೊಂಡು ಹೇಳುತ್ತಿದ್ದ: “ಕ್ಷಮಿಸಿ ಒನ್ನಿ ಅಜ್ಜ, ಕ್ಷಮಿಸಿ. ಇನ್ನೊಂದ್ಸಲ ಹೀಗಾಗಲ್ಲ.”

ಡ್ವೇನ್ ಟೋಪಿ ತೆಗೆದ. ನಾಲ್ಕು ಹೆಜ್ಜೆ ಹಿಂದೆ ಸರಿದು, ಆಗಷ್ಟೇ ಬಂದವನಂತೆ ಕೆಮ್ಮಿ, “ಏನ್ ರೇನೊ, ಗಾಳಿ ಜೋರಾಗಿದೆ” ಎಂದ.

ರೇನೊ ಯಂತ್ರದ ಮೇಲೆ ಕಂಬಳಿ ಎಸೆದು, “ಹೌದೌದು, ಗಾಳಿ” ಎಂದ.

“ಕಿಟಕಿ?”

“ಗಾಳಿ.”

“ಏನಾದ್ರೂ ಬೇಕಿದ್ರೆ...” ಡ್ವೇನ್ ತನ್ನ ಬೂಟುಗಳನ್ನೇ ನೋಡುತ್ತ ನಿಂತ. “ನಮ್ಮ ಮನೇಲಿ ಸೌದೆ ಜಾಸ್ತಿ ಇದೆ. ಸುಮ್ನೆ ಹೇಳ್ದೆ.”

ಅಂದು ಸಂಜೆಯೊಳಗೆ ರೇನೊ ಸತ್ತವರ ಜೊತೆ ಮಾತಾಡುತ್ತಿದ್ದಾನೆ, ಅದೂ ಗಾಳಿ ಬಂದಾಗ, ಎಂದು ಇಡೀ ಬೀದಿಗೆ ಗೊತ್ತಾಯಿತು.

ಮೊದಲ ಪಾತ್ರೆ ಆ ರಾತ್ರಿಯ ಊಟಕ್ಕೇ ಬಂತು. ಬೆಲ್ ಒತ್ತಿದವರು ಯಾರೂ ಕಾಣಲಿಲ್ಲ. ಮೆಟ್ಟಿಲ ಮೇಲೆ ಬಿಸಿ ಗಾಜಿನ ಪಾತ್ರೆ, ಒಳಗೆ ಆಲೂಗಡ್ಡೆ, ಮಾಂಸ, ಮೇಲೆ ಚೀಸು. ತಳಕ್ಕೆ ಅಂಟಿಸಿದ ಪಟ್ಟಿಯಲ್ಲಿ ಬರ್ನೀಸಳ ಹೆಸರು. ಮಾರನೆಯ ದಿನ ಎರಡು ಬಂದವು. ವಾರದೊಳಗೆ ಇರ್ಮಾಳ ಮೆಟ್ಟಿಲು ಮದುವೆಮನೆಯ ಉಗ್ರಾಣದಂತಾಯಿತು.

ನಮ್ಮಲ್ಲಿ ಬಂದ ಪಾತ್ರೆಯನ್ನು ಖಾಲಿ ಹಿಂದಿರುಗಿಸುವಂತಿಲ್ಲ. ಇರ್ಮಾ ಏಲಕ್ಕಿ ಬ್ರೆಡ್ಡು ಸುಟ್ಟು ತುಂಬಿ ಕಳಿಸಿದಳು. ಪಡೆದವರು ಕಣ್ಣೊರೆಸಿಕೊಂಡರು: “ಪಾಪ, ಇಂಥ ಹೊತ್ತಲ್ಲೂ ಎಷ್ಟು ಮರ್ಯಾದೆ ನೋಡು!” ಆ ಮರ್ಯಾದೆಗೆ ಕರಗಿ ಇನ್ನೂ ದೊಡ್ಡ ಪಾತ್ರೆ ಕಳಿಸಿದರು. ಇರ್ಮಾ ಇನ್ನೂ ದೊಡ್ಡ ಬ್ರೆಡ್ಡು ಸುಟ್ಟಳು. ಬೀದಿಯಲ್ಲಿ ಹಿಟ್ಟು ಮುಗಿಯಿತು. ನಾನು ಒಂಟಿ ಮನುಷ್ಯ, ಎದುರು ಮನೆಯವನು. ಎರಡೂ ಕಡೆಯ ಮಿಕ್ಕಿದ್ದನ್ನು ತಿಂದು ಆ ವಸಂತದಲ್ಲಿ ಹೊಸ ಬೆಲ್ಟು ಕೊಂಡೆ.

ಆದರೆ ಇರ್ಮಾ ಮೂರ್ಖಳಲ್ಲ. ಇಷ್ಟು ಊಟ ಸುಮ್ಮನೆ ಬರುವುದಿಲ್ಲ. ಸೌದೆ ಕೊಡಲು ಹೋದ ನನ್ನನ್ನು ಹಿತ್ತಲಿಗೆ ಎಳೆದುಕೊಂಡು ಹೋದಳು.

“ಅಣ್ಣಾ, ನಿಜ ಹೇಳು. ಅವ್ರಿಗೆ ಏನೋ ಆಗಿದೆ. ಊರಿಗೆಲ್ಲ ಗೊತ್ತು, ನನಗೆ ಮಾತ್ರ ಮುಚ್ಚಿಟ್ಟಿದ್ದಾರೆ.”

“ನೀನೇ ಕೇಳ್ಬಾರ್ದಾ?”

“ಕೇಳೋಕಾಗುತ್ತಾ! ಅವ್ರಾಗೇ ಹೇಳೋ ತನಕ ನಾನು ನಗ್ತಾ ಇರ್ಬೇಕು. ನೀನೂ ಏನೂ ಹೇಳ್ಬೇಡ” ಎಂದು ಅತ್ತಳು.

ಆ ಶನಿವಾರ ಸೌನಾದಲ್ಲಿ ರೇನೊ ಬಿಸಿ ಕಲ್ಲುಗಳ ಮೇಲೆ ನೀರು ಸುರಿದು, ಆವಿಯ ಮರೆಯಲ್ಲಿ ನನ್ನ ಕಡೆ ಬಾಗಿದ.

“ಭಾವ, ನಿಮ್ ತಂಗೀಗೆ ಮೈ ಸರಿ ಇಲ್ಲ ಅನ್ಸುತ್ತೆ.”

“ಯಾಕೆ?”

“ಊರೋರೆಲ್ಲ ಊಟ ತಂದಿಡ್ತಿದ್ದಾರೆ. ಒಬ್ಬಳೇ ಇದ್ದಾಗ ಅಳ್ತಾಳೆ. ನನ್ನ ಕಂಡ್ರೆ ನಗ್ತಾಳೆ. ಹದಿನೆಂಟು ವರ್ಷದಲ್ಲಿ ಯಾವತ್ತೂ ಹಾಗೆ ನಕ್ಕೋಳಲ್ಲ.” ಇನ್ನಷ್ಟು ನೀರು ಸುರಿದ. “ನೀವೇನೂ ಹೇಳ್ಬೇಡಿ. ಅವಳಾಗೇ ಹೇಳ್ಲಿ.”

ಇಬ್ಬರೂ ನನ್ನಿಂದ ಮಾತು ತೆಗೆದುಕೊಂಡಿದ್ದರು. ಕೊಟ್ಟ ಮಾತಿಗೆ ತಪ್ಪುವವನು ನಾನಲ್ಲ. ಆದ್ದರಿಂದ ಒಬ್ಬರ ಗುಟ್ಟನ್ನು ಎಡಕಿವಿಯಲ್ಲಿ, ಇನ್ನೊಬ್ಬರದನ್ನು ಬಲಕಿವಿಯಲ್ಲಿ ಇಟ್ಟುಕೊಂಡು, ಇಬ್ಬರಿಗೂ ಕಾಯಿಲೆಯೆಂದು ನಂಬಿ, ಅವರ ಸೌದೆಯನ್ನೆಲ್ಲ ನಾನೇ ಒಡೆದೆ. ಭಾನುವಾರ ಪಾದ್ರಿಯವರು ಕಣ್ಣು ಮುಚ್ಚಿ, “ನಮ್ಮ ನಡುವೆ ಮೌನವಾಗಿ ನೋಯುತ್ತಿರುವವರಿಗೆ ಶಕ್ತಿ ಕೊಡು ದೇವರೇ” ಎಂದಾಗ ರೇನೊ ಹೆಂಡತಿಯ ಕೈ ಹಿಡಿದ, ಇರ್ಮಾ ಗಂಡನ ಕೈ ಒತ್ತಿದಳು. ಹಿಂದಿನ ಬೆಂಚಿನಲ್ಲಿ ಬರ್ನೀಸ್ ಎಷ್ಟು ಜೋರಾಗಿ ಮೂಗು ಸೀಟಿದಳೆಂದರೆ ಆರ್ಗನ್ ನುಡಿಸುವವನು ಅದನ್ನೇ ಸೂಚನೆಯೆಂದು ತಿಳಿದು ಹಾಡು ಶುರು ಮಾಡಿಬಿಟ್ಟ.

ಇತ್ತ ಯಂತ್ರ ದಾರಿಗೆ ಬಂದಿತ್ತು. ವೇಗ ತಗ್ಗಿತ್ತು, ಬೆರಳು ಮೀನನ್ನು ಮಗುವಿನ ಕೆನ್ನೆಯಂತೆ ಸವರುತ್ತಿತ್ತು. ಒಂಬತ್ತು ಮೀನುಗಳೂ ಒಂದೇ ಅಳತೆಯಲ್ಲಿ ಹೊರಬಂದವು. ಒಂದೇ ಎಡವಟ್ಟು. ಒನ್ನಿಯವರ ಮೀನಿನ ಹೊಟ್ಟೆಯ ಒಂದು ಕಡೆ ಯಾವುದೋ ಪೈಕ್ ಕಚ್ಚಿದ ಒಂದೇ ಒಂದು ಹಲ್ಲಿನ ಗುಳಿ ಇತ್ತು. ಬೆರಳು ಅದರೊಳಗೆ ಇಳಿದು ಎದ್ದಿತ್ತು. ಕೆಳಗೆ ಮರ ಸುತ್ತುತ್ತಿತ್ತಲ್ಲ. ಅಲ್ಲಿ ಒಂದು ಗುಳಿಯಾಗುವ ಬದಲು ಸುತ್ತಲೂ ಗೀರು ಬಿತ್ತು. ಒಂಬತ್ತು ಮೀನುಗಳೂ ಸೊಂಟಪಟ್ಟಿ ಕಟ್ಟಿಕೊಂಡು ಸಾಲಾಗಿ ನಿಂತವು. ಮರವನ್ನೆಲ್ಲ ಮುಗಿಸಿ ಸಾಲಿನಲ್ಲಿಟ್ಟ ಮೇಲೆಯೇ ರೇನೊ ಅದನ್ನು ಗಮನಿಸಿದ್ದು.

ಇನ್ನು ಹೊಸದಾಗಿ ಮಾಡಲು ಒಣ ಸೀಡರೂ ಇರಲಿಲ್ಲ, ದಿನಗಳೂ ಇರಲಿಲ್ಲ. ಅಂದುಕೊಂಡ ಹಾಗೆ ಆಗದ ಮೀನುಗಳನ್ನು ಅಜ್ಜಿಯ ಮುಂದೆ ಹೇಗಿಡುವುದು? ನಾನು ಲೇತ್ ಬಲ್ಲವನಲ್ಲ, ಲಟ್ಟಣಿಗೆ ನನ್ನದಲ್ಲ ಎಂದು ಈಗ ಹೇಗೆ ಹೇಳುವುದು? ಕೆಂಪು ತಲೆ, ಬಿಳಿ ಮೈ ಬಳಿದು, ಸಂಕಟಪಟ್ಟುಕೊಂಡೇ ಒಣಗಲು ತೂಗುಹಾಕಿದ.

ಮೇ ತಿಂಗಳ ಎರಡನೆಯ ಶನಿವಾರ ಬೀದಿ ತಾಳ್ಮೆ ಕಳೆದುಕೊಂಡಿತು. ಊಟದಿಂದ ವಾಸಿಯಾಗದ ಕಾಯಿಲೆಗೆ ನಮ್ಮಲ್ಲಿ ಒಂದೇ ಮದ್ದು: ಹೇಳದೆ ಕೇಳದೆ ಎಲ್ಲರೂ ನುಗ್ಗಿ ಕೆಲಸ ಮಾಡಿ ಹೋಗುವುದು. ಬೆಳಿಗ್ಗೆ ರೇನೊ ಗ್ಯಾರೇಜಿನಿಂದ ಹೊರಗೆ ಬಂದಾಗ ಅಂಗಳದಲ್ಲಿ ಬೀದಿಯ ಎಲ್ಲಾ ಮನೆಯವರಿದ್ದರು. ಡ್ವೇನ್ ಪಿಕಪ್ ಗಾಡಿಯಿಂದ ಸೌದೆ ಇಳಿಸುತ್ತಿದ್ದ. ಇಬ್ಬರು ಛಾವಣಿ ಹತ್ತಿದ್ದರು. ಬರ್ನೀಸ್ ಒಂದು ಹಳೆಯ ವಾಷಿಂಗ್ ಮಷೀನಿನ ಮೇಲೆ ಕೈಯಿಟ್ಟು, “ಎಡಕ್ಕೆ! ಎಡಕ್ಕೆ ಅಂದ್ರೆ ನಿನ್ನ ಎಡಕ್ಕಲ್ಲ!” ಎಂದು ನನ್ನನ್ನು ಗದರಿಸುತ್ತಿದ್ದಳು.

ರೇನೊ ಕಣ್ಣು ತುಂಬಿಕೊಂಡ. ನೇರವಾಗಿ ಇರ್ಮಾಳ ಬಳಿ ಹೋದ. “ಇವ್ರೆಲ್ಲ ಬಂದಿದ್ದಾರೆ ಅಂದ್ರೆ... ಅಷ್ಟು ಜೋರಾಗಿದ್ಯೇನೇ? ನಂಗ್ಯಾಕೆ ಹೇಳ್ಲಿಲ್ಲ?”

“ನಾನೇನ್ ಹೇಳ್ಲಿ? ನೀವ್ ಹೇಳ್ಬೇಕು! ಡಾಕ್ಟ್ರು ಏನಂದ್ರು?”

“ನಿನ್ನ ಡಾಕ್ಟ್ರು ನನಗೇನು ಹೇಳ್ತಾನೆ?”

“ನನಗ್ಯಾಕ್ರೀ ಡಾಕ್ಟ್ರು? ಸಾಯ್ತಿರೋದು ನೀವು!”

“ನಾನಾ?” ರೇನೊ ತನ್ನ ಮೈಯನ್ನು ಮೇಲಿಂದ ಕೆಳಗೆ ನೋಡಿಕೊಂಡ. “ಯಾರಂದ್ರು?”

ಇರ್ಮಾ ಬರ್ನೀಸಳ ಕಡೆ ನೋಡಿದಳು. ಬರ್ನೀಸ್ ಡ್ವೇನ್‌ನ ಕಡೆ, ಡ್ವೇನ್ ನನ್ನ ಕಡೆ. ಒಬ್ಬರೂ ಯಾರನ್ನೂ ಏನನ್ನೂ ಕೇಳಿರಲಿಲ್ಲವಾದ್ದರಿಂದ ಸುಳ್ಳು ಹೇಳಿದವರು ಯಾರೂ ಇರಲಿಲ್ಲ. ಛಾವಣಿಯ ಮೇಲಿದ್ದವರು ಸುತ್ತಿಗೆ ನಿಲ್ಲಿಸಿದರು.

“ಮತ್ತೆ ಒನ್ನಿ ಜೊತೆ ಮಾತಾಡ್ತಿದ್ಯಲ್ಲ?” ಎಂದ ಡ್ವೇನ್. “ಮಂಡಿಯೂರಿ?”

“ನನ್ನ ಡ್ರಾಯರ್ ಚಾನಲ್ಲು?” ಎಂದಳು ಇರ್ಮಾ.

“ನನ್ನ ಹಕ್ಕಿಕಾಳಿನ ಡಬ್ಬಿ?” ಎಂದಳು ಬರ್ನೀಸ್. ಕರುಣೆ ಎಷ್ಟು ಬೇಗ ವಿಚಾರಣೆಯಾಗುತ್ತದೆಂದು ಅಂದು ಕಂಡೆ.

ಅಷ್ಟರಲ್ಲಿ ಹಿಂದೆ ಕಾರಿನ ಸದ್ದಾಯಿತು. ಲೆಂಪಿ ಅಜ್ಜಿ ತಮ್ಮ ಹಳೇ ಕಾರನ್ನು ಅಂಗಳದ ದಾರಿಗೆ ಅಡ್ಡಲಾಗಿ ನಿಲ್ಲಿಸಿ, ಬೀಗ ತಿರುಗಿಸಿ, ಕೀಲಿಯನ್ನು ಕೋಟಿನ ಜೇಬಿಗೆ ಹಾಕಿಕೊಂಡು ಇಳಿದರು. ಒಂದು ಬದಿಗೆ ಬೇಲಿ, ಇನ್ನೊಂದು ಬದಿಗೆ ಕರಗದೆ ಉಳಿದ ಹಿಮದ ಗುಡ್ಡೆ. ಬೀದಿಯ ಒಂಬತ್ತು ಮನೆಯವರೂ ಒಳಗಿದ್ದರು.

“ಚಳಿಗಾಲ ಪೂರ್ತಿ ಕಾದೆ. ಈಗ ಸಿಕ್ಕಿದ್ರಿ” ಎಂದರು ಅಜ್ಜಿ. “ರೇನೊ, ತಗೊಂಡ್ ಬಾ.”

ರೇನೊ ಗ್ಯಾರೇಜಿನಿಂದ ಒಂಬತ್ತು ಮೀನುಗಳು ತೂಗುತ್ತಿದ್ದ ಕೋಲನ್ನು ತಂದ. ನಡೆದ ಹಾಗೆ ಅವು ಒಂದಕ್ಕೊಂದು ತಗುಲಿ ಸದ್ದು ಮಾಡಿದವು. ಕರವಸ್ತ್ರದಲ್ಲಿ ಸುತ್ತಿದ್ದ ಹಳೆಯದನ್ನು ಮೊದಲು ಅಜ್ಜಿಯ ಕೈಗಿಟ್ಟ. ಹೇಗಿತ್ತೋ ಹಾಗೇ ಇತ್ತು.

“ಅಜ್ಜೀ, ಒಂದು ತಪ್ಪಾಗಿದೆ. ಆ ಹಲ್ಲಿನ ಗುರುತು ಸುತ್ತಲೂ ಬಂದ್ಬಿಟ್ಟಿದೆ.”

ಅಜ್ಜಿ ಒಂದು ಹೊಸ ಮೀನನ್ನು ತಿರುಗಿಸಿ, ಸೊಂಟಪಟ್ಟಿಯ ಉದ್ದಕ್ಕೂ ಉಗುರು ಓಡಿಸಿದರು. “ಆ ಪೈಕ್ ತಪ್ಪಿಸ್ಕೊಂಡ ಮೇಲೆ ಒನ್ನಿ ಎರಡು ದಿನ ಊಟ ಬಿಟ್ಟಿದ್ರು. ಒಂದೇ ಹಲ್ಲು ಊರ್ಗೆಲ್ಲ ತೋರಿಸ್ಕೊಂಡು ತಿರುಗ್ತಿದ್ರು. ಈಗ ಸುತ್ತಲೂ ಕಚ್ಚಿದ ಹಾಗಿದೆ. ಅವರು ಇದ್ದಿದ್ರೆ ಕಥೆ ಹೀಗೇ ಬೆಳೀತಿತ್ತು.”

ಆಮೇಲೆ ಒಬ್ಬೊಬ್ಬರ ಮುಂದೆ ನಿಂತು, ಒಂದೊಂದು ಮೀನನ್ನು ಕೈಗಿಟ್ಟು, “ಕೀತೊಸ್” ಎಂದರು. ಉಪಕಾರವಾಯಿತು ಎನ್ನಲು ನಮ್ಮ ಅಜ್ಜಂದಿರ ಮಾತಿನಲ್ಲಿ ಇರುವುದು ಅದೊಂದೇ ಪದ. ಹೆಚ್ಚಾಗಿ ಯಾರೂ ಬಳಸದೆ ಹೊಸದಾಗಿಯೇ ಉಳಿದಿದೆ. ಜನ ಬೂಟು ನೋಡಿಕೊಂಡರು. ಡ್ವೇನ್ ಬೇಲಿಯನ್ನು ಅಳೆದು ನೋಡಿ ಕೈಬಿಟ್ಟ. ಅವನಿಗೆ ಅಜ್ಜಿ ಮೀನಿನ ಜೊತೆ ಒಂದು ಬೂಟನ್ನೂ ಕೊಟ್ಟರು. ಬರ್ನೀಸ್ ತನ್ನ ಮೀನನ್ನು ಪಕ್ಕದವನ ಮೀನಿನ ಮಗ್ಗುಲಿಗೆ ಹಿಡಿದು ಅಳತೆ ನೋಡಿ, ಎರಡೂ ಒಂದೇ ಎಂದು ಖಾತ್ರಿಯಾದ ಮೇಲೆ, “ಕೆಟ್ಟದಾಗಿಲ್ಲ” ಎಂದಳು. ನಮ್ಮ ಬೀದಿಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆಯನ್ನು ನಾನು ಕೇಳಿಲ್ಲ.

ಕೊನೆಗೆ ಅಜ್ಜಿ ರೇನೊನ ಮುಂದೆ ನಿಂತರು. ಅವನು ತಡೆಯಲಾರದೆ ಹೇಳಿದ: “ಅಜ್ಜೀ, ಚರ್ಚಿನ ಲಟ್ಟಣಿಗೆ ನಾನು ಮಾಡಿದ್ದಲ್ಲ.”

“ಗೊತ್ತು ಮಗಾ. ಒನ್ನಿ ಮಾಡಿದ್ದು. ಅದರ ಹಿಡಿ ಮೇಲೆ ನನ್ನ ಹೆಸರಿನ ಮೊದಲಕ್ಷರ ಇದೆ.”

“ಮತ್ತೆ ನನಗ್ಯಾಕೆ ಕೊಟ್ರಿ ಕೆಲಸ?”

“ಕೆಲಸ ಬಲ್ಲೋನು ಆಗಲ್ಲ ಅಂತ ಧೈರ್ಯವಾಗಿ ಹೇಳಿಬಿಡ್ತಾನೆ. ಅಷ್ಟು ದೊಡ್ಡ ಸುಳ್ಳು ಹೇಳಿದೋನು ಆಗಲ್ಲ ಅನ್ನೋಕೆ ಆಗುತ್ತಾ?” ಅಜ್ಜಿ ಅವನ ಕೆನ್ನೆ ಮುಟ್ಟಿದರು. “ಕೀತೊಸ್, ರೇನೊ.” ಅವನು ಓಡಲಿಲ್ಲ. ಇರ್ಮಾ ಅವನ ತೋಳನ್ನು ಗಟ್ಟಿಯಾಗಿ ಹಿಡಿದಿದ್ದಳು.

ಸೀಸನ್ನಿನ ಮೊದಲ ಬೆಳಿಗ್ಗೆ ಸರೋವರದ ಮೇಲೆ ಒಂಬತ್ತು ಗಾಳಗಳು ಒಟ್ಟಿಗೆ ಬಿದ್ದವು. ಸೊಂಟಪಟ್ಟಿಯಿಂದಲೋ ಏನೋ, ಒಂಬತ್ತು ಮೀನುಗಳೂ ನೇರ ಈಜದೆ ಎಡಕ್ಕೆ ಸುತ್ತು ಹೊಡೆದವು. ದಾರಗಳೆಲ್ಲ ಜಡೆ ಹೆಣೆದಂತೆ ಸಿಕ್ಕಿಕೊಂಡು, ಬಿಡಿಸುತ್ತ ಕೂತವರು ಮಧ್ಯಾಹ್ನದವರೆಗೆ ಒಬ್ಬರ ದೋಣಿಯನ್ನೊಬ್ಬರು ಬಿಟ್ಟು ಹೋಗುವಂತಿರಲಿಲ್ಲ. ರೇನೊನ ದೋಣಿಯಲ್ಲಿ ಹಳೆಯ ಮೀನನ್ನು ಹಿಡಿದು ಕೂತಿದ್ದ ಲೆಂಪಿ ಅಜ್ಜಿ ಎಲ್ಲರಿಗೂ ಕಾಫಿ ದಾಟಿಸಿದರು. ಒಂದು ಪೈಕೂ ಬೀಳಲಿಲ್ಲ. ಯಾರೂ ದೂರಲಿಲ್ಲ.

ಆದರೆ ಈಗ ಬೀದಿಯ ಋಣವೆಲ್ಲ ರೇನೊನ ತಲೆಯ ಮೇಲಿತ್ತು: ಸೌದೆ, ಛಾವಣಿ, ವಾಷಿಂಗ್ ಮಷೀನು, ಲೆಕ್ಕವಿಲ್ಲದಷ್ಟು ಆಲೂಗಡ್ಡೆ. ಅವನು ಮತ್ತೆ ಗ್ಯಾರೇಜು ಸೇರಿದ. ಈ ಸಲ ಬಾಗಿಲು ತೆರೆದೇ ಇತ್ತು. ತೆರೆದಿರಲೇಬೇಕಿತ್ತು, ಯಾಕೆಂದರೆ ಬಾಗಿಲಿಗೆ ಒತ್ತಾಗಿದ್ದ ಹಳೆಯ ಲಟ್ಟಣಿಗೆ ಈಗ ಯಂತ್ರದ ಮೇಲಿನ ಸ್ಥಾನದಲ್ಲಿ ಕೂತಿತ್ತು.

ಬೀದಿಯ ಪ್ರತಿ ಮನೆಗೂ ಒಂದೊಂದು ಲಟ್ಟಣಿಗೆ ಹೋಯಿತು. ಎಲ್ಲವೂ ಒಂದೇ ಅಳತೆ, ಎಲ್ಲವೂ ಕೋಳಿಮೊಟ್ಟೆ. ಅಂದಿನಿಂದ ನಮ್ಮ ಬೀದಿಯಲ್ಲಿ ಯಾರ ಮನೆಯ ಕಣಕವೂ ದುಂಡಗೆ ಬಂದಿಲ್ಲ. ಬರ್ನೀಸ್ ಚರ್ಚಿನ ಅಡುಗೆಮನೆಯಲ್ಲಿ ತನ್ನದನ್ನು ಒಂದು ಸಲ ಉರುಳಿಸಿದಳು. ಅದು ಸುತ್ತು ಹೊಡೆದು ಅವಳ ಬಳಿಗೇ ವಾಪಸು ಬಂತು.

ಕಪ್ಪು ಒರೆಸುತ್ತಿದ್ದ ರೇನೊ, “ನಾನೇ ಮಾಡಿದ್ದು” ಎಂದ.

ತೊಟ್ಟಿಯ ಬಳಿ ಪಾತ್ರೆ ತೊಳೆಯುತ್ತಿದ್ದ ಲೆಂಪಿ ಅಜ್ಜಿ ಈ ಸಲ ತಿರುಗಿಯೂ ನೋಡಲಿಲ್ಲ. “ನೋಡಿದ್ರೇ ಗೊತ್ತಾಗುತ್ತೆ ಮಗಾ” ಎಂದರು.